ಪೊನೀರನ ಸೂರಿಗೆ ಬಿದ್ದ ಬೆಳಕು

ತುಮಿನಾ ಮೊರದ ತುಂಬ ಮಳೆಹುಳು ಹರಡಿಕೊಂಡು ರೆಕ್ಕೆ ಉಜ್ಜುತ್ತಿದ್ದಳು. ಮೊದಲ ಮಳೆ ಬಿದ್ದ ಸಂಜೆ ನೆಲದ ಬಿರುಕಿನಿಂದೆದ್ದು ದೀಪಕ್ಕೆ ಮುತ್ತುವ ರೆಕ್ಕೆಗೆದ್ದಲು ಅವು. ಅಕ್ಕಿಹಿಟ್ಟಿನಲ್ಲಿ ಅದ್ದಿ ಕರಿದಿಟ್ಟರೆ ಸುಂಬರ್‌ಪಿಲಾಂಗ್ ಊರಿನಲ್ಲಿ ಬೇಡ ಅನ್ನುವ ಬಾಯಿ ಹುಟ್ಟಿಲ್ಲ. ಅಂಗೈಗಳ ನಡುವೆ ಹಗುರವಾಗಿ ಉಜ್ಜಿ ಮೊರವನ್ನು ಒಮ್ಮೆ ಕೇರಿದರೆ ರೆಕ್ಕೆಯೆಲ್ಲ ಹಾರಿ, ಹುಳ ಮಾತ್ರ ಉಳಿಯುತ್ತಿತ್ತು. ಎದುರಿಗೆ ಕುಕ್ಕರುಗಾಲಿನಲ್ಲಿ ಕೂತಿದ್ದ ಅವಳ ಗಂಡ ಪೊನೀರನ್ ಒಡೆದ ಗಾಜಿನ ಚೂರುಗಳನ್ನು ತೆಂಗಿನ ಕರಟಕ್ಕೆ ಆಯ್ದು ಹಾಕುತ್ತಿದ್ದ. ಬೆಳಗಿನಿಂದ ಇಬ್ಬರೂ ಒಂದು ಮಾತೂ ಆಡಿರಲಿಲ್ಲ. ಮಾತಾಡಿದರೆ ಚೂರಿನ ವಿಷಯ ಬರುತ್ತದೆಂದು ಅವನಿಗೆ ಗೊತ್ತಿತ್ತು. ಅದನ್ನು ಎತ್ತದೆ ಇರುವುದೇ ಅವನಿಗೆ ತಕ್ಕ ಶಾಸ್ತಿ ಎಂದು ಅವಳಿಗೆ ಗೊತ್ತಿತ್ತು.

ಗಾಜು ಊರಿನ ಪುಟ್ಟ ಮಸೀದಿಯ ಗ್ಯಾಸ್‌ಲೈಟಿನದು. ಪೊನೀರನ್ ಹಕ್ಕಿಪಂಜರ ಹೆಣೆದು ಬದುಕುವವನು. ಹಿಂದಿನ ಸಂಜೆ, ಅರ್ಜೆಂಟಾಗಿ ನಾಲ್ಕು ಪಂಜರ ಮುಗಿಸಬೇಕೆಂದು ಹೇಳಿ ಆ ದೀಪವನ್ನು ಕೇಳಿ ತಂದಿದ್ದ. ನಿಜವಾಗಿ ತಂದದ್ದು ಮಳೆಹುಳು ಹಿಡಿಯಲು. ಊರಿನವರೆಲ್ಲ ನೀರಿನ ಬೋಗುಣಿಯ ಮೇಲೆ ಬುಡ್ಡಿ ತೂಗುಹಾಕಿ ಸುಮ್ಮನಾಗುತ್ತಾರೆ. ಪೊನೀರನ್ ಯೋಚನೆ ಮಾಡುವ ಮನುಷ್ಯ. ಹುಳು ಮೇಲಕ್ಕೆ ಹಾರುತ್ತದೆ, ಆದ್ದರಿಂದ ದೀಪವೂ ಮೇಲಿರಬೇಕು ಎಂದು ಯೋಚಿಸಿದ. ಗ್ಯಾಸ್‌ಲೈಟಿಗೆ ತಮ್ಮ ಮದುವೆಯ ನೀಲಿ ಸೊಳ್ಳೆಪರದೆ ಸುತ್ತಿ, ಅದನ್ನೆತ್ತಿಕೊಂಡು ಹೆಂಚು ಹತ್ತಿದ. ಮಳೆಗೆ ಹೆಂಚಿನ ಹಳೆಯ ಪಾಚಿ ನೆನೆದಿತ್ತು. ದೀಪ ಒಂದು ಕಡೆಗೆ ಜಾರಿತು, ಪೊನೀರನ್ ಇನ್ನೊಂದು ಕಡೆಗೆ. ದೀಪ ಉದ್ದನೆಯ ನೀಲಿ ಬಾಲ ಎಳೆದುಕೊಂಡು ಸೂರಿನುದ್ದಕ್ಕೂ ಉರುಳಿ, ಅಂಗಳದ ಬೋಗುಣಿಗೆ ಬಿದ್ದು ಚುಂಯ್ ಎಂದು ಆರಿತು. ಪೊನೀರನ್ ಬಾಳೆಗಿಡಗಳ ನಡುವೆ ಬಿದ್ದು, ಆರದೆ ಉಳಿದ.

ಇದು ಬೇರೆ ಯಾವ ವಾರದಲ್ಲಿ ನಡೆದಿದ್ದರೂ ಒಂದು ದೀಪದ ಸಂಗತಿಯಾಗಿ ಮುಗಿಯುತ್ತಿತ್ತು. ಆದರೆ ಇನ್ನು ಎಂಟೇ ದಿನಕ್ಕೆ ಊರಿನ ಲೂರಾ ಚುನಾವಣೆ ಇತ್ತು. ಲೂರಾ ಎಂದರೆ ಊರಿನ ಮುಖಂಡ, ಚಾವಡಿಯ ಒಡೆಯ. ಒಮ್ಮೆ ಆ ಕುರ್ಚಿಯ ಮೇಲೆ ಕೂತವನು ಸಾಮಾನ್ಯವಾಗಿ ಸತ್ತ ಮೇಲೆಯೇ ಏಳುತ್ತಿದ್ದ. ಲೂರಾ ಆಗುವವನ ಮನೆಯ ಮೇಲೆ ಚುನಾವಣೆಗೆ ಮುಂಚೆ ಆಕಾಶದಿಂದ ಪುಲುಂಗ್ ಎಂಬ ಬೆಳಕು ಬೀಳುತ್ತದೆ. ನೀಲಿ ಬಣ್ಣ, ಎಳನೀರಿನ ಗಾತ್ರ, ಹಿಂದೊಂದು ಬಾಲ. ಅದಕ್ಕಾಗಿ ಆ ವಾರವೆಲ್ಲ ಊರಿನ ಗಂಡಸರು ಹೊತ್ತು ಮುಳುಗುತ್ತಲೂ ಅಂಗಳದಲ್ಲಿ ಚಾಪೆ ಹಾಸಿ ಆಕಾಶ ನೋಡುತ್ತ ಕೂರುವುದು ವಾಡಿಕೆ. ಕೆಲಸಗಳ್ಳರಿಗೆ ಅದಕ್ಕಿಂತ ಘನವಾದ ಕೆಲಸ ಸಿಗುವುದು ಅಪರೂಪ.

ಪೊನೀರನ್ ಈ ಚುನಾವಣೆಯಲ್ಲಿ ಅಭ್ಯರ್ಥಿ. ಅಭ್ಯರ್ಥಿ ಎಂದರೆ ಸೋಲಲು ನಿಂತವನು. ನಿಜವಾದ ಅಭ್ಯರ್ಥಿ ಒಬ್ಬರೇ: ಅಕ್ಕಿ ಗಿರಣಿಯ ಹಾರ್ಜೊ. ಒಬ್ಬರೇ ನಿಂತರೆ ಎದುರಿಗೆ ಖಾಲಿ ಬಿದಿರು ಕೊಳವೆ ಇಡುವುದು ಕಾನೂನು. ಬೇಡವೆನ್ನುವವರು ತಮ್ಮ ಮತದ ಕಡ್ಡಿಯನ್ನು ಖಾಲಿ ಕೊಳವೆಗೆ ಹಾಕಬಹುದು. ಪಕ್ಕದ ಊರಿನ ಸಿರಿವಂತನೊಬ್ಬ ಹಾಗೆ ಕೊಳವೆಗೆ ಸೋತು, ಆಮೇಲೆ ಸಂತೆಗೆ ಹೋಗುವುದನ್ನೇ ಬಿಟ್ಟಿದ್ದ. ಆದ್ದರಿಂದ ಹಾರ್ಜೊ ಎದುರಿಗೆ ಒಬ್ಬ ಜೀವಂತ ಮನುಷ್ಯನನ್ನು ನಿಲ್ಲಿಸಲು ಹುಡುಕಿದರು. ಯಾರಿಗೂ ಬೇಡದ, ಯಾರಿಗೂ ಬೇಸರವೂ ಇಲ್ಲದ ಮನುಷ್ಯ ಬೇಕಿತ್ತು. ಊರೆಲ್ಲ ಒಂದೇ ಹೆಸರು ಹೇಳಿತು. ಹಾರ್ಜೊ ಅವರ ಗುರುತು ಭತ್ತದ ತೆನೆ, ಪೊನೀರನದು ಮರಗೆಣಸು. ಪ್ರತಿಫಲವಾಗಿ ಚುನಾವಣೆಯ ದಿನ ತೊಡಲು ಕಪ್ಪು ಕೋಟು, ಬಾತಿಕ್ ಚಿತ್ತಾರದ ಪಂಚೆ, ರುಮಾಲು. ಆಮೇಲೆ ಅವನ್ನು ಅವನೇ ಇಟ್ಟುಕೊಳ್ಳಬಹುದು.

ತುಮಿನಾ ಆಗಲೇ ಒಂದು ಮಾತು ಹೇಳಿದ್ದಳು. "ಸೋಲೋದಕ್ಕೆ ಕೋಟು ಯಾಕೆ ಕಾಂಗ್, ಈ ಅಂಗೀಲೇ ಚೆನ್ನಾಗಿ ಸೋಲ್ತೀರಲ್ಲ."

ಕಾಂಗ್ ಎಂದರೆ ಅಣ್ಣ. ಅಲ್ಲಿ ಹೆಂಡತಿ ಗಂಡನನ್ನು ಕರೆಯುವುದು ಹಾಗೆಯೇ. ಹದಿನೇಳು ವರ್ಷದಿಂದ ಅವಳು ಕರೆಯುತ್ತಿದ್ದಳು, ಅವನು ಓಗೊಡುತ್ತಿದ್ದ. ಮಕ್ಕಳಿರಲಿಲ್ಲ. ಅವನಿಗೆ ಈ ಲೋಕದಲ್ಲಿದ್ದದ್ದು ತುಮಿನಾ ಒಬ್ಬಳೇ. ಇದನ್ನು ಅವನು ಯಾರಿಗೂ ಹೇಳಿರಲಿಲ್ಲ, ಅವಳಿಗಂತೂ ಹೇಳಿರಲೇ ಇಲ್ಲ. ಅಂಥ ಮಾತು ಆಡುವ ಅಭ್ಯಾಸ ಆ ಸೀಮೆಯ ಗಂಡಸರಿಗಿಲ್ಲ.

ಕರಟ ತುಂಬಿದ ಮೇಲೆ ಚೂರು ಹೂಳಲೆಂದು ಪೊನೀರನ್ ಅಂಗಳಕ್ಕೆ ಬಂದ. ಬೇಲಿಯಾಚೆ ಮೂವತ್ತು ಜನ ನಿಂತಿದ್ದರು. ಎಲ್ಲರ ಕಣ್ಣೂ ಅವನ ಹೆಂಚಿನ ಮೇಲೆ. ಒಂದು ಮುದುಕಿ ಸೂರಿನಿಂದ ತೊಟ್ಟಿಕ್ಕುತ್ತಿದ್ದ ಮಳೆನೀರನ್ನು ಸೀಸೆಗೆ ಹಿಡಿದು ಕಣ್ಣಿಗೊತ್ತಿಕೊಳ್ಳುತ್ತಿದ್ದಳು. ಪಕ್ಕದ ಮನೆಯ ಡಾರ್ಮಿನ್ ನಿನ್ನೆಯವರೆಗೆ ಅವನ ಬೆನ್ನಿಗೆ ಗುದ್ದದೆ ಮಾತು ಶುರು ಮಾಡಿದವನಲ್ಲ. ಇವತ್ತು ಕೈ ಕಟ್ಟಿ ನೆಲ ನೋಡುತ್ತ, "ಪಾಕ್, ರಾತ್ರಿ ನಿದ್ದೆ ಬಂತಾ?" ಎಂದು ಕೇಳಿದ. ಪಾಕ್ ಎಂದು ಅಲ್ಲಿ ಅಪ್ಪನನ್ನು ಕರೆಯುತ್ತಾರೆ, ಮೇಷ್ಟರನ್ನು ಕರೆಯುತ್ತಾರೆ. ಪೊನೀರನ್ ಹಿಂದಕ್ಕೆ ತಿರುಗಿ ನೋಡಿದ. ಹಿಂದೆ ಅವನ ಹೆಬ್ಬಾತು ಮಾತ್ರ ಇತ್ತು.

ಬೆಳಕು ಬಿದ್ದದ್ದನ್ನು ಹನ್ನೊಂದು ಅಂಗಳಗಳಿಂದ ನೋಡಿದ್ದರು. ಎಳನೀರಿನಷ್ಟಿತ್ತು ಎಂದವರು ಮೂವರು, ಹಲಸಿನಷ್ಟು ಎಂದವರು ಐವರು. ಅದು ಬೀಳುವ ಮೊದಲು ಮನೆಯನ್ನು ಮೂರು ಸುತ್ತು ಬಂತೆಂದು ಮಸೀದಿ ನೋಡಿಕೊಳ್ಳುವವನು ಆಣೆಯಿಟ್ಟು ಹೇಳುತ್ತಿದ್ದ. ಅವನ ಮುಂದೆ ತನ್ನ ದೀಪದ ಸಂಗತಿ ಬಿಡಿಸಿ ಹೇಳುವ ಧೈರ್ಯ ಪೊನೀರನಿಗೆ ಬರಲಿಲ್ಲ.

ಆದರೂ ಅವನು ಪ್ರಾಮಾಣಿಕ. ಮಧ್ಯಾಹ್ನ ವೊಂಗ್ಸೊ ಅಜ್ಜನ ಮನೆಗೆ ಹೋಗಿ ಎಲ್ಲ ಒಪ್ಪಿಕೊಂಡ. ವೊಂಗ್ಸೊ ಅಜ್ಜನೆಂದರೆ ಊರಿನಲ್ಲಿ ಇಂಥ ಬೆಳಕುಗಳ ಲೆಕ್ಕ ಬಲ್ಲವನು. ನಾಲ್ಕು ಲೂರಾಗಳನ್ನು ಕಂಡವನು, ನಾಲ್ವರನ್ನೂ ಮಣ್ಣು ಮಾಡಿದವನು. ದೀಪ, ಪರದೆ, ಪಾಚಿ, ಬಾಳೆಗಿಡ, ಎಲ್ಲವನ್ನೂ ಅಜ್ಜ ಕಣ್ಣು ಮುಚ್ಚಿ ಕೇಳಿದ. ಆಮೇಲೆ, ಎಷ್ಟು ವರ್ಷದಿಂದ ಆ ಹೆಂಚು ಹತ್ತುತ್ತಿದ್ದೀಯ ಎಂದು ಕೇಳಿದ. ಹದಿನೇಳು ವರ್ಷ ಎಂದ ಪೊನೀರನ್.

"ಹದಿನೇಳು ವರ್ಷದಲ್ಲಿ ಒಂದು ಸಲಾನಾದ್ರೂ ಜಾರಿದ್ಯಾ?"

"ಇಲ್ಲ ಅಜ್ಜ."

"ಹಂಗಾರೆ ನಿನ್ನೆ ನೂಕಿದ್ದು ಯಾರು?"

ಈ ಪ್ರಶ್ನೆ ಪೊನೀರನಿಗೆ ಹೊಳೆದೇ ಇರಲಿಲ್ಲ. ಪುಲುಂಗ್ ಬರಬೇಕಾದರೆ ಯಾವುದಾದರೊಂದು ವಾಹನ ಹತ್ತಿ ಬರುತ್ತದೆ, ಒಮ್ಮೆ ಉಲ್ಕೆ, ಒಮ್ಮೆ ಮಿಂಚು, ಈ ಸಲ ಮಸೀದಿಯ ಗ್ಯಾಸ್‌ಲೈಟು ಎಂದು ಅಜ್ಜ ಬಿಡಿಸಿ ಹೇಳಿದ. ದೇವರ ಮನೆಯ ದೀಪವನ್ನೇ ಆರಿಸಿಕೊಂಡಿದೆ ಎಂದರೆ ಸಾಮಾನ್ಯ ಪುಲುಂಗ್ ಅಲ್ಲ ಎಂದೂ ಹೇಳಿದ. ಸಂಜೆಗೆ ಈ ಸುದ್ದಿ ಮಸೀದಿಗೆ ತಲುಪಿ, ಒಡೆದ ದೀಪವನ್ನು ಬಿಳಿ ಬಟ್ಟೆಯಲ್ಲಿ ಸುತ್ತಿ ತೊಲೆಗೆ ಕಟ್ಟಿದರು. ಹೀಗೆ ಪೊನೀರನ ಬಳಿ ಇದ್ದ ಒಂದೇ ಒಂದು ನಿಜ ಕೂಡ ಪವಾಡಕ್ಕೆ ಸೇರಿಹೋಯಿತು.

ಆದರೆ ಅಜ್ಜ ಹೇಳಿದ್ದು ಅಷ್ಟೇ ಅಲ್ಲ. ಆ ಕುರ್ಚಿ ಯಾರಿಗೂ ಬಿಟ್ಟಿ ಸಿಕ್ಕಿದ್ದಿಲ್ಲ. ಮೊದಲನೆಯ ಲೂರಾ ಅಧಿಕಾರ ಹಿಡಿದ ದಿನದಿಂದ ಸಾಯುವವರೆಗೆ ರೆಪ್ಪೆ ಮುಚ್ಚಲಿಲ್ಲ. ಮಣ್ಣು ಮಾಡುವಾಗಲೂ ಕಣ್ಣಿಗೆ ಬಟ್ಟೆ ಕಟ್ಟಬೇಕಾಯಿತು. ಎರಡನೆಯವನು ಕಟ್ಟಿಸಿದ ಒಡ್ಡು ಮೂರು ಸಲ ಕೊಚ್ಚಿಹೋಯಿತು. ನಾಲ್ಕನೆಯ ಸಲ ಅವನು ಒಬ್ಬನೇ ಹೊಳೆಗೆ ಹೋಗಿ ಬಗ್ಗಿ, ನೀರಿನ ಕಿವಿಯಲ್ಲಿ ತನ್ನ ಒಡಹುಟ್ಟಿದ ಅಣ್ಣನ ಹೆಸರು ಹೇಳಿ ಬಂದ. ಒಡ್ಡು ಇವತ್ತಿಗೂ ನಿಂತಿದೆ. ಅಣ್ಣ ಆ ವಾರ ಸ್ನಾನಕ್ಕೆ ಹೋದವನು ಬರಲಿಲ್ಲ. ಮೂರನೆಯವನು ದನಿ ಕಳೆದುಕೊಂಡು ಹದಿನೆಂಟು ವರ್ಷ ಕೈಸನ್ನೆಯಲ್ಲೇ ಊರು ಆಳಿದ. ಕಂದಾಯ ಮಾತ್ರ ಚೆನ್ನಾಗಿ ವಸೂಲಾಯಿತು. ಮೊನ್ನೆ ಸತ್ತ ನಾಲ್ಕನೆಯವನು ಬಾವಿಯೊಳಕ್ಕೆ ಬಗ್ಗಿ ನೋಡಿದವನಲ್ಲ, ಯಾಕೆಂದರೆ ನೀರಿನಲ್ಲಿ ಅವನ ಮುಖ ಕಾಣುತ್ತಿರಲಿಲ್ಲ. ನಾಲ್ವರೂ ಅವಧಿ ಪೂರೈಸಿದರು. ಯಾರೂ ರಾಜೀನಾಮೆ ಕೊಟ್ಟ ದಾಖಲೆ ಇಲ್ಲ.

ಇದನ್ನೆಲ್ಲ ಕೇಳುತ್ತ ಕೂತಿದ್ದಾಗಲೇ ಹಾರ್ಜೊ ತಮ್ಮ ಕೆಂಪು ಮೋಟಾರ್ ಸೈಕಲ್ಲಿನಲ್ಲಿ ಬಂದಿಳಿದರು. ಅವರ ಕೈಯಲ್ಲಿ ಎರಡು ಕೋಳಿ, ಮುಖದಲ್ಲಿ ಮೂರು ದಿನದ ಜ್ವರ. ಪೊನೀರನ ಮೇಲೆ ತಮಗೆ ಕೋಪವಿಲ್ಲ, ಪುಲುಂಗ್ ಹೆಂಚು ತಪ್ಪಿ ಬಿದ್ದಿದೆ, ಅದನ್ನು ಸರಿಪಡಿಸಿದರಾಯಿತು ಎಂದರು. ಪುಲುಂಗನ್ನು ಒಂದು ಮನೆಯಿಂದ ಇನ್ನೊಂದು ಮನೆಗೆ ವರ್ಗಾಯಿಸಲು ಬರುತ್ತದೆಯೇ? ಬರುತ್ತದೆ ಎಂದ ವೊಂಗ್ಸೊ ಅಜ್ಜ, ಕೋಳಿಗಳನ್ನು ಒಳಗೆ ಕಳಿಸಿ. ಅದು ಇರುವ ಮನೆಯಿಂದ ಯಾವುದಾದರೂ ವಸ್ತು ಹೋಗಬೇಕು; ಅದು ಯಾವುದರಲ್ಲಿ ನೆಲೆಸಿದೆಯೋ ಆ ವಸ್ತು. ಆದರೆ ಅದರ ಜೊತೆ ಬೆಲೆಯೂ ಹೋಗುತ್ತದೆ.

"ಏನು ಬೆಲೆ?" ಎಂದು ಇಬ್ಬರು ಅಭ್ಯರ್ಥಿಗಳೂ ಒಟ್ಟಿಗೆ ಕೇಳಿದರು.

"ಅದು ನಾವು ಹೇಳೋದಲ್ಲ. ಹಿಡಿದವನಿಗೆ ಯಾವುದು ಎಲ್ಲಕ್ಕಿಂತ ಪ್ರೀತಿಯೋ, ಅದನ್ನ ತಗೊಳುತ್ತೆ. ಕಡ್ಡಿ ಎಣಿಸೋ ದಿನ."

ಹಾರ್ಜೊ ಬಾಗಿಲಾಚೆ ನಿಂತಿದ್ದ ಮೋಟಾರ್ ಸೈಕಲ್ಲನ್ನು ಒಮ್ಮೆ ನೋಡಿದರು. ಆಮೇಲೆ ತಗ್ಗಿದ ದನಿಯಲ್ಲಿ, ಊರಿನ ರಾಜಕೀಯದಲ್ಲಿ ಅಲ್ಲಿಯವರೆಗೆ ಯಾರೂ ಮಂಡಿಸದಿದ್ದ ಒಂದು ಸೂತ್ರ ಮಂಡಿಸಿದರು.

"ಒಂದು ಕೆಲಸ ಮಾಡೋಣ. ಪುಲುಂಗ್ ನನಗಿರಲಿ. ಬೆಲೆ ಇವನಿಗಿರಲಿ. ಇವನೂ ಅಭ್ಯರ್ಥಿ ತಾನೆ?"

ಅಜ್ಜ ಯೋಚಿಸಿ ಹೇಳುತ್ತೇನೆಂದ. ಅದಕ್ಕೆ ಇನ್ನೆರಡು ಕೋಳಿಯಾಗುತ್ತಿತ್ತು. ಪೊನೀರನ್ ಆ ಹೊತ್ತಿಗಾಗಲೇ ಎದ್ದು ಮನೆಯ ಕಡೆ ನಡೆದಿದ್ದ. ದಾರಿಯುದ್ದಕ್ಕೂ ಅವನ ಮನಸ್ಸು ಮನೆಯ ಸಾಮಾನುಗಳನ್ನೆಲ್ಲ ಒಂದೊಂದಾಗಿ ತಡವಿ ನೋಡುತ್ತಿತ್ತು. ಬಿದಿರು ಸೀಳುವ ಕತ್ತಿ? ಇಲ್ಲ. ಅಪ್ಪ ಬಿಟ್ಟುಹೋದ ಕ್ರಿಸ್ ಬಾಕು? ಅದಕ್ಕೆ ತುಕ್ಕು ಹಿಡಿದು ಎಷ್ಟೋ ಕಾಲವಾಗಿತ್ತು. ಎಷ್ಟು ತಡವಿದರೂ ಕೊನೆಗೆ ಅಡುಗೆಮನೆಯ ಹೊಗೆಯಲ್ಲಿ ಕಣ್ಣು ಕಿರಿದು ಮಾಡಿ ಒಲೆ ಊದುವ ಒಂದೇ ಮುಖದ ಹತ್ತಿರ ಬಂದು ನಿಲ್ಲುತ್ತಿತ್ತು. ಅವನು ಗದ್ದೆಯ ಬದುವಿನ ಮೇಲೆ ಕೂತುಬಿಟ್ಟ.

ಅಲ್ಲಿಯೇ ಅವನಿಗೆ ಉಪಾಯ ಹೊಳೆದದ್ದು. ಪುಲುಂಗಿಗೆ ಎಲ್ಲ ಶಕ್ತಿಯೂ ಇರಬಹುದು. ಆದರೆ ಅದು ಕೂತಿರುವುದು ಹೆಂಚಿನ ಮೇಲೆ. ಮೇಲಿನಿಂದ ಕೇಳಿಸಿದ್ದು, ಕಂಡದ್ದು ಇಷ್ಟೇ ಅದಕ್ಕೆ ಗೊತ್ತಾಗಬೇಕು. ತನಗೆ ಬೇರೆ ಯಾವುದೋ ಹೆಚ್ಚು ಪ್ರೀತಿ ಎಂದು ಅದಕ್ಕೆ ತೋರಿಸಿಬಿಟ್ಟರೆ? ಈ ಉಪಾಯವನ್ನು ತುಮಿನಾಳಿಗೆ ಹೇಳುವಂತಿರಲಿಲ್ಲ. ಹೇಳಬೇಕಾದದ್ದು ಅದೇ ಸೂರಿನ ಕೆಳಗೆ. ಪಿಸುಗುಟ್ಟಿದರೂ ಅದು ಕೇಳಿಸಿಕೊಳ್ಳುತ್ತದೆ.

ಆ ಸಂಜೆಯಿಂದ ಪೊನೀರನ್ ಹೆಬ್ಬಾತನ್ನು ಪ್ರೀತಿಸತೊಡಗಿದ.

ಅದು ಕಳ್ಳರ ಕಾವಲಿಗೆಂದು ಸಾಕಿದ ಹೆಬ್ಬಾತು. ನಂಟರಿಷ್ಟರನ್ನು ಕಚ್ಚುವುದು ಅದರ ಸ್ವಭಾವ. ಅದನ್ನು ಎರಡು ತೋಳಲ್ಲಿ ಎತ್ತಿಕೊಂಡು ಅಂಗಳದಲ್ಲಿ ಓಡಾಡಿದ. ಮೇಲಕ್ಕೆ ಕೇಳಿಸುವಂತೆ, ಹೆಂಚಿನ ಕಡೆ ಮುಖ ಮಾಡಿ, ಅದಕ್ಕೆ ಸಿಹಿಮಾತು ಹೇಳಿದ. ತುಮಿನಾ ಕರಿದಿಟ್ಟಿದ್ದ ಮಳೆಹುಳುವಿನ ಹಪ್ಪಳವನ್ನು ಮುರಿದು ಒಂದೊಂದು ಚೂರಾಗಿ ತಿನ್ನಿಸಿದ. ಅವಳು ಬಾಗಿಲಲ್ಲಿ ನಿಂತು ನೋಡಿದಳು. ಅವನು ಅವಳ ಕಡೆ ತಿರುಗಲಿಲ್ಲ. ತಿರುಗಿದರೆ ಮುಖದಲ್ಲಿ ಏನು ಕಾಣುತ್ತದೋ ಎಂಬ ಭಯ.

"ಕಾಂಗ್, ಊಟ ಆರ್ತಾ ಇದೆ," ಎಂದಳು ಅವಳು.

"ಇದಕ್ಕೆ ಮೊದಲು ಹಾಕು," ಎಂದ ಅವನು ಆಕಾಶಕ್ಕೆ.

ಬೇಲಿಯಾಚೆ ನಿಂತವರು ಇದನ್ನು ನೋಡಿ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಲೂರಾ ಆಗಲಿರುವವನು ಕಾರಣವಿಲ್ಲದೆ ಹೆಬ್ಬಾತಿಗೆ ಹಪ್ಪಳ ತಿನ್ನಿಸುತ್ತಾನೆಯೇ? ಪುಲುಂಗ್ ಹೆಂಚಿನಿಂದ ಇಳಿದು ಹಕ್ಕಿಯೊಳಗೆ ಸೇರಿದೆ ಎಂದು ಮಾರನೆಯ ದಿನ ಕಾಫಿ ಅಂಗಡಿಯಲ್ಲಿ ತೀರ್ಮಾನವಾಯಿತು. ಮನೆತನದ ಬಾಕುಗಳಿಗೆ, ಅರಮನೆಯ ಘಂಟೆಗಳಿಗೆ ಮಾತ್ರ ಕೊಡುವ ಕ್ಯಾಯಿ ಎಂಬ ಬಿರುದನ್ನು ಅದಕ್ಕೆ ಕೊಟ್ಟರು. ಕ್ಯಾಯಿ ಅವರು ಬೀದಿಗೆ ಬಂದರೆ ಸೈಕಲ್ ಸವಾರರು ಇಳಿದು ನಿಲ್ಲುತ್ತಿದ್ದರು. ಅದು ಡಾರ್ಮಿನನ ಮೊಣಕಾಲು ಕಚ್ಚಿದಾಗ ಅವನು ಗಾಯ ತೊಳೆಯದೆ ಮೂರು ದಿನ ಕಾಪಾಡಿಕೊಂಡ.

ತಾಲ್ಲೂಕು ಕಚೇರಿಯಿಂದ ಸುಧಾರ್ಮೊ ಎಂಬ ಗುಮಾಸ್ತರು ತನಿಖೆಗೆ ಬಂದರು. ಅಭ್ಯರ್ಥಿಯೊಬ್ಬ ಅಲೌಕಿಕ ಸಾಮಗ್ರಿ ಬಳಸುತ್ತಿದ್ದಾನೆಂದು ಹಾರ್ಜೊ ಅರ್ಜಿ ಕೊಟ್ಟಿದ್ದರು. ಗುಮಾಸ್ತರು ನಿಯಮದ ಪುಸ್ತಕ ತೆರೆದು ಬಹಳ ಹೊತ್ತು ಹುಡುಕಿದರು. ಧ್ವನಿವರ್ಧಕದ ಬಗ್ಗೆ ಇತ್ತು, ಊಟ ಹಾಕಿಸುವುದರ ಬಗ್ಗೆ ಇತ್ತು, ಹೆಬ್ಬಾತಿನ ಬಗ್ಗೆ ಇರಲಿಲ್ಲ. ಸ್ಥಳ ಪರಿಶೀಲನೆ ಎಂದು ಬರೆದುಕೊಂಡು ಕ್ಯಾಯಿಯ ಎದುರು ಮಂಡಿಯೂರಿದರು. ಅವರು ಬಹಳ ಮೆಲ್ಲಗೆ ಅದರ ಕಿವಿಯಲ್ಲಿ ಏನನ್ನೋ ಕೇಳಿದ್ದು ತುಮಿನಾಳಿಗೆ ಮಾತ್ರ ಕೇಳಿಸಿತು: ಸಮುದ್ರದ ಕಡೆಯ ಊರಿಗೆ ವರ್ಗ ಯಾವಾಗ ಸಿಗುತ್ತದೆ ಎಂದು. ವರದಿಯಲ್ಲಿ ಆಕ್ಷೇಪಾರ್ಹವಾದದ್ದು ಕಂಡುಬಂದಿಲ್ಲ ಎಂದು ಬರೆದರು.

ತುಮಿನಾಳ ಪ್ರತಿಕ್ರಿಯೆ ಬಗ್ಗೆ ಯಾರೂ ವರದಿ ಬರೆಯಲಿಲ್ಲ. ಅವಳು ಎಂದಿನಂತೆ ನೀರು ತಂದಳು, ಒಲೆ ಹಚ್ಚಿದಳು. ಮೂರನೆಯ ದಿನ ಚಾಪೆಯ ಮೇಲೆ ಅವಳ ಜಾಗದಲ್ಲಿ ಹೆಬ್ಬಾತು ಕೂತಿತ್ತು. ಅವಳು ಅಡುಗೆಮನೆಯಲ್ಲಿ ಹಾಸಿಕೊಂಡಳು.

ಚುನಾವಣೆಗೆ ಎರಡು ದಿನ ಇರುವಾಗ ಹೆಬ್ಬಾತು ಕಳುವಾಯಿತು. ಕಳ್ಳರನ್ನು ಕಾಯಬೇಕಾದದ್ದು ಅದೇ ಆದ್ದರಿಂದ ಕೂಗಿ ಹೇಳುವವರು ಯಾರೂ ಇರಲಿಲ್ಲ. ಖಾಲಿ ಗೂಡು ಕಂಡ ಕ್ಷಣ ಪೊನೀರನಿಗೆ ಎದೆಯ ಮೇಲಿನ ಒರಳುಕಲ್ಲು ಇಳಿದಂತಾಯಿತು. ಬೆಲೆ ಸಂದಾಯವಾಗಿತ್ತು. ಎರಡು ದಿನ ಮೊದಲೇ, ತಪ್ಪು ವಸ್ತುವಿನಲ್ಲಿ. ಅವನಿಗೆ ಕುಣಿಯಬೇಕೆನಿಸಿತು. ಆದರೆ ಮೇಲಿನವರು ನೋಡುತ್ತಿದ್ದಾರೆ. ಕುಣಿದರೆ ಮೋಸ ತಿಳಿದು, ವಾಪಸ್ಸು ಬಂದು ಸರಿಯಾದದ್ದನ್ನೇ ಒಯ್ದಾರು. ಆದ್ದರಿಂದ ಪೊನೀರನ್ ಅಂಗಳದ ನಡುವೆ ಬಿದ್ದು ಎದೆ ಬಡಿದುಕೊಂಡು ಅತ್ತ. ಊರೇ ನೆರೆಯಿತು. ತುಮಿನಾಳನ್ನು ನೋಡಿ ಹೋಗಲು ಬಂದಿದ್ದ ಅವಳ ತಾಯಿ ಕೂಡ ಹಜಾರಕ್ಕೆ ಬಂದು ನಿಂತಳು.

"ನನಗೆ ಇದ್ದದ್ದು ನೀನೊಂದೇ," ಎಂದು ಅವನು ಖಾಲಿ ಗೂಡಿಗೆ ಹೇಳಿದ. "ನಿನಗಿಂತ ಹೆಚ್ಚಿನವರು ನನಗೆ ಈ ಮನೇಲಿ ಯಾರೂ ಇಲ್ಲ. ಯಾರೂ ಇಲ್ಲ."

ಅಷ್ಟು ಚೆನ್ನಾಗಿ ಅವನು ಜನ್ಮದಲ್ಲಿ ಮಾತಾಡಿರಲಿಲ್ಲ. ಗಂಡಸರು ಕೂಡ ಕಣ್ಣೊರೆಸಿಕೊಂಡರು. ತುಮಿನಾಳ ತಾಯಿ ಮಗಳನ್ನು ನೋಡಿದಳು. ತುಮಿನಾ ಗೂಡನ್ನು ನೋಡಿದಳು.

ಚುನಾವಣೆಯ ದಿನ ಚಾವಡಿಯ ಮುಂದೆ ಚಪ್ಪರ, ಚಪ್ಪರದಡಿ ವೇದಿಕೆ, ವೇದಿಕೆಯ ಮೇಲೆ ಎರಡು ಕುರ್ಚಿ. ಬೆಳಗಿನಿಂದ ಕೊನೆಯ ಕಡ್ಡಿ ಬೀಳುವವರೆಗೆ ಅಭ್ಯರ್ಥಿಗಳು ಮದುಮಕ್ಕಳಂತೆ ಸಿಂಗರಿಸಿಕೊಂಡು ಅಲ್ಲಿ ಕೂತಿರಬೇಕು. ನಗಬಾರದು, ಸನ್ನೆ ಮಾಡಬಾರದು, ಕೆರೆದುಕೊಳ್ಳಬಾರದು. ಒಬ್ಬರ ತಲೆಯ ಮೇಲೆ ಭತ್ತದ ಗೊಂಚಲು, ಇನ್ನೊಬ್ಬನ ತಲೆಯ ಮೇಲೆ ಮರಗೆಣಸು ತೂಗುಬಿಟ್ಟಿದ್ದರು. ಪೊನೀರನ್ ಕಪ್ಪು ಕೋಟಿನಲ್ಲಿ ನೆಮ್ಮದಿಯಿಂದ ಕೂತಿದ್ದ. ಪುಲುಂಗ್ ಹೋಯಿತು, ಬೆಲೆಯೂ ಹೋಯಿತು. ಇನ್ನು ಸೋತು ಮನೆಗೆ ಹೋಗಿ ತುಮಿನಾಳಿಗೆ ಎಲ್ಲ ಬಿಡಿಸಿ ಹೇಳುವುದಷ್ಟೇ ಬಾಕಿ. ಕೇಳಿ ಅವಳು ನಗುವ ರೀತಿಯನ್ನೂ ಅವನು ಆಗಲೇ ಊಹಿಸಿಕೊಂಡಿದ್ದ.

ಅವಳು ಹೆಂಗಸರ ಸಾಲಿನಲ್ಲಿ ಬಂದಳು. ಗುಮಾಸ್ತರು ಕೊಟ್ಟ ಕಡ್ಡಿ ತೆಗೆದುಕೊಂಡು ಮರೆಯ ಹಿಂದಕ್ಕೆ ಹೋದಳು, ಹೊರಬಂದಳು. ವೇದಿಕೆಯ ಕಡೆ ತಲೆಯೆತ್ತಲಿಲ್ಲ. ಅವಳ ಸೊಂಟದಲ್ಲಿ ಬಟ್ಟೆಯ ಗಂಟೊಂದಿತ್ತು. ಮತ ಹಾಕಲು ಬರುವಾಗ ಗಂಟು ಯಾಕೆ ಎಂದು ಪೊನೀರನಿಗೆ ಅನ್ನಿಸಿತು. ಕೆರೆದುಕೊಳ್ಳುವುದೇ ನಿಷಿದ್ಧವಾಗಿರುವಾಗ ಕೇಳುವುದೆಲ್ಲಿ ಬಂತು?

ಆ ಹೊತ್ತಿಗೇ ಹಾರ್ಜೊ ಅವರ ಕುರ್ಚಿ ಕೊಂಯ್ ಎಂದಿತು.

ಹಾರ್ಜೊ ಕೆಮ್ಮಿದರು. ಕುರ್ಚಿ ಮತ್ತೆ ಕೊಂಯ್ ಎಂದಿತು. ಅದರ ಕೆಳಗೆ ಬಾತಿಕ್ ಬಟ್ಟೆ ಮುಚ್ಚಿದ ಬುಟ್ಟಿಯಿತ್ತು. ಪುಲುಂಗ್ ಇರುವ ವಸ್ತು ಯಾರ ಕುರ್ಚಿಯ ಕೆಳಗಿರುತ್ತದೋ ಅವರದ್ದೇ ಗೆಲುವು ಎಂದು ವೊಂಗ್ಸೊ ಅಜ್ಜ ಅವರಿಗೆ ಆರು ಕೋಳಿಗಳ ಕೊನೆಗೆ ಹೇಳಿದ್ದ. ಬಟ್ಟೆ ಅಲುಗಿತು. ಉದ್ದನೆಯ ಬಿಳಿ ಕತ್ತೊಂದು ಅದರಿಂದ ಮೇಲೆದ್ದು, ಹಾರ್ಜೊ ಅವರ ಮೀನಖಂಡವನ್ನು ಊರೆಲ್ಲ ಕಾಣುವಂತೆ ಕಚ್ಚಿತು. ಸನ್ನೆ ಮಾಡಬಾರದೆಂಬ ನಿಯಮವನ್ನು ಹಾರ್ಜೊ ಆಗ ಹಲವು ಬಗೆಯಲ್ಲಿ ಮುರಿದರು. ಹೆಬ್ಬಾತು ಬುಟ್ಟಿ ದಾಟಿ ಕೆಳಗಿಳಿಯಿತು. ಅದು ಯಾರನ್ನೂ ನೋಡದೆ, ದೊಡ್ಡ ಅಧಿಕಾರಿಗಳು ನಡೆಯುವಂತೆ ಅತ್ತಿತ್ತ ತೂಗುತ್ತ ವೇದಿಕೆಯುದ್ದಕ್ಕೂ ನಡೆದು ಬಂದು, ದಿನವೂ ಹಪ್ಪಳ ತಿನ್ನಿಸಿದವನ ಪಾದದ ಮೇಲೆ ಕುಳಿತು ಕಣ್ಣು ಮುಚ್ಚಿತು.

ಮೊದಲು ಮಂಡಿಯೂರಿದ್ದು ಡಾರ್ಮಿನ್. ಅವನ ಹಿಂದೆ ಸಾಲಿಗೆ ಸಾಲೇ, ಗಾಳಿಗೆ ಬಾಗಿದ ಪೈರಿನಂತೆ ಕೆಳಗಾಯಿತು. ಯಾರೂ ಕೂಗಲಿಲ್ಲ, ಚಪ್ಪಾಳೆ ತಟ್ಟಲಿಲ್ಲ. ಆ ಮೌನವೇ ಪೊನೀರನಿಗೆ ಎಲ್ಲಕ್ಕಿಂತ ಭಯಂಕರವಾಗಿ ಕಂಡಿತು. ಅಷ್ಟೊಂದು ಕಣ್ಣುಗಳು, ಒಂದರಲ್ಲೂ ನಗೆಯಿಲ್ಲ. ತನ್ನನ್ನು ನೋಡುತ್ತಿದ್ದಾರೋ, ತನ್ನ ಹಿಂದೆ ನಿಂತಿರುವ ಮತ್ಯಾವುದನ್ನೋ ನೋಡುತ್ತಿದ್ದಾರೋ ಅವನಿಗೆ ತಿಳಿಯಲಿಲ್ಲ. ತಿರುಗಿ ನೋಡುವ ಧೈರ್ಯವೂ ಆಗಲಿಲ್ಲ.

ಅವನ ತಲೆ ಮಾತ್ರ ಓಡುತ್ತಿತ್ತು. ಹೆಬ್ಬಾತು ವಾಪಸ್ಸು ಬಂದಿದೆ. ಅಂದರೆ ಅದನ್ನು ಬೆಲೆಯಾಗಿ ತೆಗೆದುಕೊಂಡಿಲ್ಲ. ಅಂದರೆ ಬೆಲೆ ಇನ್ನೂ ಬಾಕಿ ಇದೆ. ಇವತ್ತೇ ಕಡ್ಡಿ ಎಣಿಸುವ ದಿನ.

ಎಣಿಕೆ ನಡೆಯಿತು. ಹತ್ತು ಹತ್ತರ ಕಟ್ಟು ಮಾಡಿ, ಗುಮಾಸ್ತರು ಓದಿದರು: ಭತ್ತ ನಲವತ್ತಮೂರು, ಮರಗೆಣಸು ಆರುನೂರ ಹನ್ನೊಂದು. ಬೆಳಗಿನಲ್ಲೇ ಭತ್ತಕ್ಕೆ ಹಾಕಿಬಿಟ್ಟ ಕೆಲವರು ತಮ್ಮ ಕಡ್ಡಿಗೂ ಮನಸ್ಸು ಬದಲಾಯಿಸಲು ಅವಕಾಶ ಕೊಡಿ ಎಂದು ಬೇಡಿಕೊಂಡರು. ಹಾರ್ಜೊ ಕಾಲಿಗೆ ಬಟ್ಟೆ ಸುತ್ತಿಕೊಂಡು ಬಂದು ಪೊನೀರನ ಕೈಯನ್ನು ಹಣೆಗೆ ಒತ್ತಿಕೊಂಡರು. ಒತ್ತಿಕೊಂಡದ್ದು ಸೋತ ಸಿಟ್ಟಿನಿಂದಲ್ಲ. ಅವರ ಮುಖದಲ್ಲಿ ಹೆದರಿಕೆಯಿತ್ತು, ಮೋಟಾರ್ ಸೈಕಲ್ ಉಳಿಯಿತೆಂಬ ಸಮಾಧಾನವೂ ಇತ್ತು.

ಪೊನೀರನ್ ಗುಮಾಸ್ತರ ತೋಳು ಹಿಡಿದು, ತನಗೆ ಇದು ಬೇಡ, ತಾನು ಸೋಲಲು ಬಂದವನು, ಕೋಟನ್ನೂ ವಾಪಸ್ಸು ಕೊಡುತ್ತೇನೆ ಎಂದ. ಮೊಹರು ಬಿದ್ದಾಗಿದೆ ಎಂದರು ಗುಮಾಸ್ತರು. ಅವರು ಕೂಡ ಈಗ ಅವನ ಕಣ್ಣು ತಪ್ಪಿಸಿ ಮಾತಾಡುತ್ತಿದ್ದರು. ಪಕ್ಕದಲ್ಲಿದ್ದ ವೊಂಗ್ಸೊ ಅಜ್ಜ ಸುತ್ತಲಿನವರಿಗೆ ತಿಳಿಸಿ ಹೇಳಿದ: ನಿಜವಾದ ಲೂರಾನ ಲಕ್ಷಣ ಇದೇ, ಬೇಡ ಬೇಡ ಅನ್ನುವುದು.

ಅವನು ವೇದಿಕೆಯಿಂದ ಹಾರಿ ಮನೆಗೆ ಓಡಿದ. ಒಲೆ ತಣ್ಣಗಿತ್ತು. ಹಗ್ಗದ ಮೇಲೆ ಅವಳು ಉಡುವ ಎರಡು ಪಂಚೆಗಳಿಲ್ಲ, ಗೋಡೆಯ ಗೂಡಿನಲ್ಲಿ ಬಾಚಣಿಗೆಯಿಲ್ಲ. ಅನ್ನದ ಬುಟ್ಟಿಗೆ ಬಾಳೆಲೆ ಮುಚ್ಚಿ, ಗಾಳಿಗೆ ಹಾರದಂತೆ ಕಲ್ಲು ಇಟ್ಟಿದ್ದಳು. ಅಷ್ಟು ಅಚ್ಚುಕಟ್ಟಾಗಿ ಹೊರಡುವವರು ಮತ್ತೆ ಬರುವವರಲ್ಲ ಎಂದು ಅವನಿಗೆ ಅನ್ನಿಸಿತು. ಬೆಲೆಯನ್ನು ಆಕಾಶದಿಂದ ಇಳಿದು ಯಾರೋ ಒಯ್ದಿರಲಿಲ್ಲ. ಒಂದು ವಾರ, ದಿನಕ್ಕಿಷ್ಟರಂತೆ, ತಾನೇ ಅಳೆದು ಕೊಟ್ಟಿದ್ದ.

ತುಮಿನಾಳ ತವರು ಗುಡ್ಡದಾಚೆಯ ಕೇರಿ, ಎರಡು ಮೈಲಿ. ಕಪ್ಪು ಕೋಟು, ರುಮಾಲು, ಕಾಲಿಗೆ ತೊಡರುವ ಬಾತಿಕ್ ಪಂಚೆ. ಪೊನೀರನ್ ಗದ್ದೆಯ ಬದುವಿನ ಮೇಲೆ ಎದ್ದುಬಿದ್ದು ನಡೆದ. ಹಿಂದೆ ಊರೇ ಹೊರಟಿತು. ಹೊಸ ಲೂರಾ ಅಧಿಕಾರಕ್ಕೆ ಮುಂಚೆ ಎಲ್ಲಿಗೋ ನಡೆದು ಹೋಗುತ್ತಿದ್ದಾರೆ ಎಂದರೆ ಅದು ಹರಕೆಯೇ ಇರಬೇಕು. ಅವನು ಬಿದ್ದ ಕಡೆಯಲ್ಲೆಲ್ಲ ಅವರೂ ಬಗ್ಗಿ ನೆಲ ಮುಟ್ಟಿದರು. ಅವನು ನಿಂತು, ದಯವಿಟ್ಟು ಮನೆಗೆ ಹೋಗಿ ಎಂದ. ಅವರು ಹತ್ತು ಹೆಜ್ಜೆ ಹಿಂದೆ ಸರಿದು ಅಲ್ಲೇ ನಿಂತರು.

ಅತ್ತೆಯ ಮನೆಯ ಬಾಗಿಲು ಹಾಕಿತ್ತು. ಒಳಗೆ ಒರಳಿನಲ್ಲಿ ಏನೋ ಕುಟ್ಟುವ ಸದ್ದು. ಪೊನೀರನ್ ರುಮಾಲು ತೆಗೆದು ಕೈಯಲ್ಲಿ ಹಿಡಿದುಕೊಂಡ. ಅವನಿಗೆ ಎಲ್ಲಿಂದ ಶುರು ಮಾಡಬೇಕೋ ತಿಳಿಯಲಿಲ್ಲ. ಪಾಚಿಯಿಂದ ಶುರು ಮಾಡಿದ. ನೂಕಿದ್ದು ಯಾರೋ ಗೊತ್ತಿಲ್ಲ ಎಂದ. ಸೂರಿನ ಮೇಲೆ ಕೂತು ಕೇಳುತ್ತಿತ್ತು, ಅದಕ್ಕೇ ಹೇಳಲಾಗಲಿಲ್ಲ ಎಂದ. ಗೂಡಿನ ಮುಂದೆ ಅತ್ತು ಹೇಳಿದ ಮಾತು ಹಕ್ಕಿಗೆ ಹೇಳಿದ್ದಲ್ಲ, ಅಡುಗೆಮನೆಯಲ್ಲಿದ್ದವಳಿಗೆ ಹೇಳಿದ್ದು, ವಿಳಾಸ ಮಾತ್ರ ಬದಲಾಯಿಸಿದ್ದೆ ಎಂದ. ಹದಿನೇಳು ವರ್ಷದಲ್ಲಿ ಆಡದ ಮಾತುಗಳು ಒಂದರ ಮೇಲೊಂದು ಬಂದವು, ಆರುನೂರು ಜನರ ಎದುರಿಗೆ.

ಹಿಂದೆ ಯಾರೋ ಒಬ್ಬಳು ಬಿಕ್ಕಿದಳು. ವೊಂಗ್ಸೊ ಅಜ್ಜ ಬೆರಳೆತ್ತಿ ಎಲ್ಲರನ್ನೂ ತಡೆದ. "ಸದ್ದು ಮಾಡಬೇಡಿ," ಎಂದು ಪಿಸುಗುಟ್ಟಿದ. "ಬೆಲೆ ಕಟ್ತಾ ಇದಾರೆ." ಊರೆಲ್ಲ ತಲೆ ತಗ್ಗಿಸಿತು. ಇಷ್ಟು ದೊಡ್ಡ ಲೂರಾನನ್ನು ಸುಂಬರ್‌ಪಿಲಾಂಗ್ ಇಲ್ಲಿಯವರೆಗೆ ಕಂಡಿರಲಿಲ್ಲ.

ಒಳಗೆ ಒನಕೆಯ ಸದ್ದು ನಿಂತಿತು. ಪೊನೀರನ್ ಇನ್ನೊಂದು ಹೆಜ್ಜೆ ಮುಂದೆ ಬಂದು, ಹಲಗೆಗೆ ಹಣೆ ತಾಗುವಷ್ಟು ಹತ್ತಿರ ನಿಂತ.

"ತುಮಿನಾ, ಬಾಗಿಲು ತೆಗಿ."